ಎಲೆ ನೋಡದೆ ಹೇಳಿದ್ದು

ಸೀಮೆಸುಣ್ಣ ಮತ್ತೆ ಮುರಿಯಿತು, ಎಲೆಯ ತೊಟ್ಟಿನ ಹತ್ತಿರವೇ, ತುಂಡು ಎಲ್ಲಿ ಹೋಯಿತೋ, ಬಗ್ಗಿ ಹುಡುಕಲು ಸೊಂಟ ಒಪ್ಪುವುದಿಲ್ಲ, ಉಳಿದ ಚೂರಿನಲ್ಲೇ ಎಳೆಯುತ್ತೇನೆ, ಏಕದಳ, ದ್ವಿದಳ, ನಡುವೆ ಒಂದು ಗೆರೆ, ಇಪ್ಪತ್ತಮೂರು ವರ್ಷದಿಂದ ಇದೇ ಗೆರೆ — ಏಕದಳ ಸಸ್ಯದ ಎಲೆಯಲ್ಲಿ ನರಗಳು ಸಮಾಂತರ, ದ್ವಿದಳದಲ್ಲಿ ಬಲೆಯ ಹಾಗೆ, ಬರೆದುಕೊಳ್ಳಿ, ಎಂದು ನನ್ನ ಬಾಯಿ ತನ್ನಷ್ಟಕ್ಕೆ ಹೇಳುತ್ತಿದೆ, ಮೂಡುಬಿದಿರೆಯ ಈ ಮಧ್ಯಾಹ್ನದ ಸೆಕೆಯಲ್ಲಿ ಊಟ ಮಾಡಿ ಬಂದ ಮಕ್ಕಳ ಕಣ್ಣು ಮುಚ್ಚುತ್ತಿವೆ, ನನ್ನದೂ, ಬೆಳಿಗ್ಗೆ ಬಂಟ್ವಾಳದಿಂದ ನಿಂತೇ ಬಂದದ್ದು. ಆ ದಿನವೂ ಬಸ್ಸಿನಲ್ಲಿ ನಿಂತಿದ್ದೆ, ಹನ್ನೆರಡು ದಿನವಾಯಿತು, ಒಂದು ಕೈಯಲ್ಲಿ ಕಂಬಿ, ಕಂಕುಳಲ್ಲಿ ಉತ್ತರಪತ್ರಿಕೆಗಳ ಕಟ್ಟು, ನಾರಾವಿಯಿಂದ ಕೂಸಪ್ಪ ಭಾವನ ಫೋನು, ಅಕ್ಕನ ಗಂಡ, ನನ್ನನ್ನು ಕಾಲೇಜಿಗೆ ಕಳಿಸಲೇಬೇಕೆಂದು ಅಪ್ಪನ ಹತ್ತಿರ ಜಗಳ ಮಾಡಿದವರು — ಶಶಿ, ರಬ್ಬರ್ ತೋಟದ ಬೇಲಿಯಲ್ಲಿ ಒಂದು ಗೆಡ್ಡೆ ಸಿಕ್ಕಿದೆ, ಫೋಟೋ ಹಾಕಿದ್ದೇನೆ, ಕಾಡುಗೆಣಸಾ ನೋಡು ಮಾರಾಯ್ತಿ — ನೋಡಿದೆ, ನೋಡಿದೆನೆಂದರೆ ಹೆಬ್ಬೆರಳಿನಲ್ಲಿ ಒಮ್ಮೆ ತೆರೆದೆ, ತೊಳೆದಿಟ್ಟ ಗೆಡ್ಡೆ, ಎಲೆಯಿಲ್ಲ, ಬಳ್ಳಿಯಿಲ್ಲ, ಗೆಣಸೇ ಭಾವ, ಬೇಯಿಸಿ ತಿನ್ನಿ, ಅಂದೆ, ಎಲೆ ಹೇಗುಂಟು ಎಂದು ಕೇಳಬೇಕಿತ್ತು, ಕೇಳಲಿಲ್ಲ, ಕಂಡಕ್ಟರು ಮುಂದೆ ಹೋಗಿ ಮುಂದೆ ಹೋಗಿ ಎನ್ನುತ್ತಿದ್ದ.

ಅಕ್ಕನಿಗೆ ಗೆಣಸು ಸೇರುವುದಿಲ್ಲ, ಹಾಗಾಗಿ ಅವಳು ಉಳಿದಳು, ಭಾವ ಒಬ್ಬರೇ ತಿಂದರು, ಸಂಜೆಗೆ ವಾಂತಿ, ಬೆಳಗಾಗುವಾಗ ಬೆಳ್ತಂಗಡಿಯ ಆಸ್ಪತ್ರೆ, ನಾನು ಓಡಿ ಹೋದಾಗ ಪದ್ಮಾಕ್ಷಿ ಅಕ್ಕ ಬಾಗಿಲಲ್ಲೇ ನಿಂತಿದ್ದಳು, ಬೇಲಿಯಿಂದ ಕಿತ್ತು ತಂದ ಬಳ್ಳಿ ಕೈಯಲ್ಲಿ, ಇದು ಎಂತದ್ದು ಶಶಿ, ಡಾಕ್ಟ್ರು ಕೇಳ್ತಿದ್ದಾರೆ — ಕಾಡುಗೆಣಸಿನ ಎಲೆ ಹೃದಯದ ಆಕಾರ, ಏಕದಳವಾದರೂ ನರಗಳು ಬಲೆಯ ಹಾಗೆ, ಇದು ಈಟಿಯಂತೆ ನೀಳ, ಎಲೆಯ ತುದಿಯೇ ಸುರುಳಿ ಸುತ್ತಿ ಅವಳ ಸೆರಗಿನ ನೂಲನ್ನು ಹಿಡಿದುಕೊಂಡಿತ್ತು, ಗೌರಿಹೂವಿನ ಬಳ್ಳಿ, ಗೆಡ್ಡೆಯ ತುಂಬ ವಿಷ, ಎಲೆ ಕಂಡಿದ್ದರೆ ಮೊದಲ ವರ್ಷದ ಮಕ್ಕಳೂ ಹೇಳುತ್ತಿದ್ದರು. ಬೇಗ ಗುರುತಿಸಿದ್ರಿ ಮೇಡಂ, ಒಳ್ಳೇದಾಯ್ತು, ಎಂದರು ಡಾಕ್ಟರು. ಐದು ದಿನ ಐಸಿಯು, ಜೀವ ಉಳಿಯಿತು, ಸರಿಯಾಗಿ ಮಾತಾಡುವಷ್ಟಾದ ದಿನ ಅಕ್ಕ ಬೈದಳು, ಮನೆಯಲ್ಲೇ ಗಿಡದ ಟೀಚರು ಇದ್ದಾಳಲ್ಲ, ಅವಳ ಹತ್ರ ಒಂದು ಮಾತು ಕೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ, ಭಾವ ನನ್ನತ್ತ ನೋಡಲೇ ಇಲ್ಲ, ಕೇಳ್ಲಿಲ್ಲ ಮಾರಾಯ್ತಿ, ನನ್ನದೇ ತಪ್ಪು, ಎಂದರು, ನಾನು ಅಲ್ಲೇ ಇದ್ದೆ, ಕಾಫಿ ತರುತ್ತೇನೆಂದು ಮೆಟ್ಟಿಲಿಳಿದೆ, ಮೆಟ್ಟಿಲಲ್ಲೇ ನಿಂತು ಆ ಫೋಟೋ ಅಳಿಸಿದೆ.

ಮೇಡಂ, ಎಂದು ಯಾರೋ, ಎರಡನೇ ಬೆಂಚಿನ ಮುರ್ಶಿದಾ, ಎದ್ದು ನಿಂತಿದ್ದಾಳೆ, ಎಲೆ ಇಲ್ಲದಿದ್ರೆ, ಬರೀ ಗೆಡ್ಡೆ ನೋಡಿ ಗಿಡ ಯಾವುದಂತ ಹೇಳ್ಲಿಕ್ಕೆ ಆಗ್ತದಾ — ಯಾರು ಹೇಳಿಕೊಟ್ಟರು ಇವಳಿಗೆ, ಯಾರೂ ಇಲ್ಲ, ನಿದ್ದೆ ಬಾರದ ಒಂದು ಮಗು ಅಷ್ಟೇ — ಆಗುದಿಲ್ಲ ಮಗಾ, ಗೊತ್ತಿಲ್ಲ ಅಂತ ಹೇಳ್ಬೇಕು, ಎಂದೆ, ಇಷ್ಟು ಸಣ್ಣ ಮಾತು, ಅವಳು ಬರೆದುಕೊಂಡು ಕುಳಿತಳು. ಇವತ್ತು ಸಂಜೆ ಹೋಗಿ ಅಕ್ಕನಿಗೆ ಹೇಳಬೇಕು, ನಿನ್ನೆಯೂ ಹೇಳಬೇಕೆಂದೇ ಹೋದದ್ದು, ಭಾವ ಎದ್ದು ಕುಳಿತಾಗ ದಿಂಬಿನ ಮೇಲೆ ಕೂದಲು, ಮುಷ್ಟಿಗಟ್ಟಲೆ, ವಿಷ ಹೋಗುವಾಗ ಅದನ್ನೂ ಕೊಂಡುಹೋಗುತ್ತದೆ, ಅಕ್ಕ ಅದನ್ನೆಲ್ಲ ಹೆಕ್ಕಿ ಅಂಗೈಯಲ್ಲಿ ಗುಡ್ಡೆ ಹಾಕಿದಳು, ಪುನಃ ಬರ್ತದಲ್ವಾ ಶಶಿ, ನೀನು ಓದಿದವಳು, ನೀನು ಹೇಳಿದ್ರೆ ಸರಿ — ಬರ್ತದೆ ಅಕ್ಕ, ಎಂದೆ, ಅದು ನಿಜವೇ, ಅಷ್ಟು ನಿಜ ಮಾತ್ರ ಹೇಳಿದೆ, ಗಂಟೆ ಹೊಡೆಯುತ್ತಿದೆ, ಬೆಂಚುಗಳು ಸದ್ದು ಮಾಡುತ್ತಿವೆ, ಅಕ್ಕನ ಅಂಗೈಯಲ್ಲಿ ಕೂದಲು, ಕಪ್ಪು, ನರೆತದ್ದು, ಎಸೆಯದೆ ಹಿಡಿದುಕೊಂಡೇ ಇದ್ದಾಳೆ, ಅಕ್ಕನ ಅಂಗೈ, ಕೂದಲು —