ಮೂರನೇ ಕೂಗಿನ ದೋಣಿ

ನಮ್ಮವರು, ಅಂದರೆ ನನ್ನ ಯಜಮಾನರು, ಹೈಕೋರ್ಟಿನಲ್ಲಿ ಕೂಗುವ ದಫೇದಾರರು. ಪ್ರಕರಣದ ಸರದಿ ಬಂದಾಗ ಮೇಲಂತಸ್ತಿನ ವರಾಂಡದ ಕಟಾಂಜನ ಹಿಡಿದು ನಿಂತು, ಕೆಳಗಿನ ಅಂಗಳಕ್ಕೆಲ್ಲ ಕೇಳುವಂತೆ ಪಕ್ಷಗಾರರ ಹೆಸರು ಕೂಗುವುದು ಅವರ ಕೆಲಸ. ಮನೆಯಲ್ಲಿ ಮಾತ್ರ ಅವರ ಬಾಯಿಂದ ನಾಲ್ಕು ಮಾತು ಹೊರಡಿಸಬೇಕಾದರೆ ಹರಸಾಹಸ ಪಡಬೇಕು. ನಾನು ಅದೇ ವರಾಂಡದಲ್ಲಿ, ಕೋರ್ಟು ಹಾಲಿನ ಬಾಗಿಲ ಪಕ್ಕ ಟೈಪ್‌ರೈಟರ್ ಇಟ್ಟುಕೊಂಡು ವಕೀಲರ ಅರ್ಜಿಗಳನ್ನು ಟೈಪ್ ಮಾಡುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ವಕೀಲರೆಲ್ಲ ಹೇಳುತ್ತಾರೆ. ಅವರ ಕಾಗುಣಿತ ನೋಡಿದರೆ ಯಾರಿಗಾದರೂ ಕೋಪ ಬರಬೇಕು.

ಈ ಹೈಕೋರ್ಟು ಹುಟ್ಟುವ ಮೊದಲು ನದಿಯ ಈಚೆ ದಡಕ್ಕೊಂದು, ಆಚೆ ದಡಕ್ಕೊಂದು ದೊಡ್ಡ ಕೋರ್ಟು ಇತ್ತಂತೆ. ಎರಡು ಸೀಮೆಗಳು ಒಂದಾದಾಗ ಕೋರ್ಟುಗಳನ್ನೂ ಒಂದು ಮಾಡಿದರು. ಎರಡು ಸಂಸಾರ ಒಂದೇ ಮನೆಗೆ ಬಂದರೆ ಪಾತ್ರೆಪಡಗದ ಜಗಳ ಇದ್ದದ್ದೇ. ಅದಕ್ಕೆ ಮೊದಲೇ ಮಾತಾಯಿತು: ನ್ಯಾಯಮೂರ್ತಿಗಳಲ್ಲಿ ಅರ್ಧ ಆ ದಡದವರು, ಅರ್ಧ ಈ ದಡದವರು, ಇಬ್ಬರ ಪೀಠ ಕೂತರೆ ದಡಕ್ಕೊಬ್ಬರು. ದಾಖಲೆಗಳ ಕೋಣೆಗೂ ಎರಡು ಬಾಗಿಲು ಇಟ್ಟು ಎರಡು ಕಡೆಯ ಗುಮಾಸ್ತರಿಗೆ ಬೀಗದ ಕೈ ಕೊಟ್ಟರು. ಪೊರಕೆ ಯಾವ ಬಾಗಿಲ ಹಿಂದೆ ಇರಬೇಕೆಂಬುದು ಇವತ್ತಿಗೂ ತೀರ್ಮಾನವಾಗಿಲ್ಲ.

ಕೊನೆಗೆ ಉಳಿದದ್ದು ದೋಣಿಯ ಪ್ರಶ್ನೆ. ಕಟ್ಟಡ ಈಚೆ ದಡದಲ್ಲಿತ್ತು. ಆಚೆಯವರು ದೋಣಿ ಹತ್ತಿಯೇ ಬರಬೇಕು. ದೋಣಿ ತಡವಾದರೆ ಗೈರುಹಾಜರಿ, ಗೈರಾದರೆ ಅರ್ಜಿ ವಜಾ. ಆಚೆ ಜನ ಗಲಾಟೆ ಎಬ್ಬಿಸಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಮೊಟ್ಟಮೊದಲ ಮುಖ್ಯ ನ್ಯಾಯಮೂರ್ತಿಗಳು ಆಚೆಯವರು. ಕೋರ್ಟು ಶುರುವಾಗುವ ದಿನವೇ ಅವರ ದೋಣಿ ಮರಳದಿಬ್ಬಕ್ಕೆ ಸಿಕ್ಕಿಕೊಂಡು, ನಿಲುವಂಗಿ ಎತ್ತಿ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಡೆದು ಬಂದರಂತೆ. ಒದ್ದೆ ಬಟ್ಟೆಯಲ್ಲೇ ಕೂತು ನಿಯಮ ಬರೆಸಿದರು. ಹೆಸರನ್ನು ಮೂರು ಸಲ ಕೂಗಬೇಕು. ಎರಡನೇ ಕೂಗಾದ ಮೇಲೆ ದೋಣಿ ದಡ ಮುಟ್ಟುವವರೆಗೆ ಕಾಯಬೇಕು. ದಫೇದಾರ ಕಣ್ಣಾರೆ ನೋಡಿ 'ಬಂತು' ಎಂದ ಮೇಲೆಯೇ ಮೂರನೇ ಕೂಗು. ಅದಕ್ಕೂ ಓಗೊಡದವರು ಮಾತ್ರ ಗೈರು.

ಆಮೇಲೆ ನದಿಯೇ ಹೋಯಿತು. ಮೇಲೆಲ್ಲೋ ಅಣೆಕಟ್ಟು ಕಟ್ಟಿದರು, ನೀರು ಬೇರೆ ದಾರಿ ಹಿಡಿಯಿತು, ನದಿ ಹರಿಯುತ್ತಿದ್ದ ಜಾಗದಲ್ಲಿ ರಸ್ತೆಯೂ ಬಸ್ ನಿಲ್ದಾಣವೂ ಬಂದವು. ನಿಯಮ ಮಾತ್ರ ಹೋಗಲಿಲ್ಲ. ಅದನ್ನು ತೆಗೆಯಬೇಕಾದರೆ ನ್ಯಾಯಮೂರ್ತಿಗಳೆಲ್ಲ ಒಟ್ಟಿಗೆ ಕೂತು ಒಪ್ಪಬೇಕು. ಹೊಸ ಮುಖ್ಯ ನ್ಯಾಯಮೂರ್ತಿಗಳು ಬಂದಾಗಲೆಲ್ಲ ಒಂದು ಸಮಿತಿ ಮಾಡುತ್ತಾರೆ. ಸಮಿತಿ ಚಹಾ ಕುಡಿದು ಎದ್ದು ಹೋಗುತ್ತದೆ.

ಹಾಗಾಗಿ ಇವತ್ತಿಗೂ ಎರಡನೇ ಕೂಗಾದ ಮೇಲೆ ಕೋರ್ಟು ಸುಮ್ಮನೆ ಕೂರುತ್ತದೆ. ನಮ್ಮವರು ಬಸ್ ನಿಲ್ದಾಣದ ಕಡೆ ನೋಡುತ್ತ ನಿಲ್ಲುತ್ತಾರೆ. ಆ ಹೊತ್ತಿನಲ್ಲಿ ವರಾಂಡಕ್ಕೆ ತಣ್ಣನೆಯ ನೀರಿನ ವಾಸನೆ ಬರುತ್ತದೆ. ಹಾರನ್ನುಗಳು ಎಲ್ಲೋ ದೂರ ಸರಿಯುತ್ತವೆ, ರಸ್ತೆ ಮೆಲ್ಲಗೆ ಹೊಳೆಯಲು ಶುರುವಾಗುತ್ತದೆ. ಹುಟ್ಟು ನೀರಿಗೆ ಬೀಳುವ ಸದ್ದು ನನಗೂ ಎಷ್ಟೋ ಸಲ ಕೇಳಿದೆ. ಆದರೆ ದೋಣಿ ಕಂಡಿಲ್ಲ. ಅದು ನಿಜವೋ ಭ್ರಮೆಯೋ ಎಂದು ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಲವು ದಿನ ತಡವಾಗಿ ಬಂದವರು ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆ ಬಿಟ್ಟು ಹೋಗುತ್ತಾರೆ. ನೆಲ ಒರೆಸುವವಳು ಗೊಣಗಿಕೊಂಡು ಒರೆಸುತ್ತಾಳೆ.

ಈ ಕಾಯುವ ಹೊತ್ತಿನ ಬಗ್ಗೆ ನಾನು ಎಷ್ಟೋ ತಮಾಷೆ ಮಾಡಿದ್ದೇನೆ. ಊಟಕ್ಕೆ ತಡವಾಗಿ ಬಂದರೆ, "ದೋಣಿ ಬರ್ಲಿಲ್ವಾ?" ಎಂದು ಕಾಲೆಳೆಯುತ್ತಿದ್ದೆ. ನನ್ನ ತಂಗಿಯ ಪ್ರಕರಣ ಬಂದ ಮೇಲೆ ತಮಾಷೆ ನಿಂತಿತು.

ತಂಗಿ ಆಚೆ ದಡದ ಊರಿನ ಆಸ್ಪತ್ರೆಯಲ್ಲಿ ನರ್ಸು. ಅವಳ ಗಂಡ ಕಾಯಿಲೆ ಬಿದ್ದು ತೀರಿಕೊಂಡಾಗ ಮಗಳು ಇನ್ನೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಇವಳಿಗೆ ರಾತ್ರಿ ಪಾಳಿ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಅವಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಮಗುವನ್ನು ತಾನು ಸಾಕುತ್ತೇನೆಂದು ಕೆಳಗಿನ ಕೋರ್ಟಿಗೆ ಹೋಗಿ ಗೆದ್ದುಬಿಟ್ಟಳು. ಆ ಹೆಂಗಸಿಗೆ ನಾನು ಇಟ್ಟ ಹೆಸರು ಕಬ್ಬಿಣದ ಕಡಲೆ. ಮಗನ ಸಾವಿನಲ್ಲೂ ಎಲ್ಲರೆದುರು ಒಂದು ತೊಟ್ಟು ಕಣ್ಣೀರು ಹಾಕಿದವಳಲ್ಲ. ಅವತ್ತಿನಿಂದ ನಮಗೂ ಅವಳಿಗೂ ಮಾತಿಲ್ಲ.

ತಂಗಿ ಹೇಗೋ ಹಗಲು ಪಾಳಿ ಹಾಕಿಸಿಕೊಂಡು ಇಲ್ಲಿ ಮೇಲ್ಮನವಿ ಹಾಕಿದಳು. ತಾಯಿಯ ಮಾತನ್ನೂ ಕೇಳಬೇಕು, ವಕೀಲರು ಬಂದರೆ ಸಾಲದು, ಖುದ್ದು ಹಾಜರಿರಬೇಕು ಎಂದು ಪೀಠ ಹೇಳಿತ್ತು. ಮೊದಲ ಸಲ ಆಸ್ಪತ್ರೆಯಲ್ಲಿ ಯಾರದೋ ಹೆರಿಗೆ ಕೈಬಿಟ್ಟು ಬರಲಾಗದೆ ಗೈರಾದಳು. ಮೇಲ್ಮನವಿ ವಜಾ ಆಯಿತು. ಕೈಕಾಲು ಹಿಡಿದು ಮತ್ತೆ ತೆರೆಸಿದೆವು. ಇನ್ನೊಂದು ಸಲ ಗೈರಾದರೆ ಈ ಬಾಗಿಲು ಮತ್ತೆ ತೆರೆಯುವುದಿಲ್ಲ, ಮಗು ಅಜ್ಜಿಯ ಹತ್ತಿರವೇ ಬೆಳೆಯುತ್ತದೆ ಎಂದು ಹಿರಿಯ ನ್ಯಾಯಮೂರ್ತಿಗಳು ಸ್ಪಷ್ಟವಾಗಿ ಹೇಳಿದರು.

ವಿಚಾರಣೆಯ ಹಿಂದಿನ ಸಂಜೆ ಊಟಕ್ಕೆ ಬಡಿಸುತ್ತ ನಮ್ಮವರ ಹತ್ತಿರ ಮಾತು ತೆಗೆದೆ.

"ರೀ, ನಾಳೆ ಅವಳೇನಾದ್ರೂ ತಡ ಮಾಡಿದ್ರೆ, ನೀವೂ ಸ್ವಲ್ಪ ತಡ ಮಾಡಿ."

"ಏನನ್ನ?"

"ದೋಣೀನ."

ಅವರು ತಟ್ಟೆಯಿಂದ ಮುಖ ಎತ್ತಲಿಲ್ಲ. "ದೋಣಿ ನಂದಲ್ವಲ್ಲೇ."

"ನೋಡೋ ಕಣ್ಣು ನಿಮ್ದೇ ತಾನೆ?"

"ಅದಕ್ಕೇ ಹೇಳ್ತಿರೋದು. ಬಂದಿದ್ದನ್ನ ಬಂದಿಲ್ಲ ಅಂತ ಒಂದ್ಸಲ ಅಂದ್ರೆ, ಆಮೇಲೆ ನಂಗೆ ಕಾಣ್ಸೋದೇ ಇಲ್ಲ. ಆಚೆ ದಡದವ್ರು ಎಷ್ಟು ಜನ ಅದನ್ನೇ ನಂಬ್ಕೊಂಡು ಬರ್ತಾರೆ."

"ನಿಮ್ಮ ನಾದಿನಿ ಮಗು ಹೋದ್ರೂ ಪರ್ವಾಗಿಲ್ಲ, ಕಂಡೋರ ದೋಣಿ ಮುಳುಗ್ಬಾರ್ದು. ಅಲ್ವಾ?"

ಆಮೇಲೆ ಪಾತ್ರೆ ತೊಳೆಯುವಾಗ ನಾನು ಮಾಡಿದ ಸದ್ದು ಬೀದಿಗೆಲ್ಲ ಕೇಳಿರಬೇಕು.

ಮರುದಿನ ಬೀಗಿತ್ತಿ ಬೇಗನೆ ಬಂದಳು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಅದರ ಬಟ್ಟೆಯ ಚೀಲ. ತೀರ್ಪು ಯಾವ ಕಡೆ ಬೀಳುತ್ತದೋ ಗೊತ್ತಿಲ್ಲ, ಬಟ್ಟೆ ಜೊತೆಗೇ ಇರಲಿ ಎಂದು ಪೀಠವೇ ಹೇಳಿತ್ತು. ಮಗು ಅಜ್ಜಿಯ ಕೈ ಬಿಡಿಸಿಕೊಂಡು ನನ್ನ ಮೇಜಿನ ಹತ್ತಿರ ಓಡಿ ಬಂತು.

"ದೊಡ್ಡಮ್ಮಾ, ಅಮ್ಮ ಬಂದ್ಲಾ?"

"ಬರ್ತಾಳೆ ಪುಟ್ಟಿ," ಎಂದೆ. ಮೆಟ್ಟಿಲ ಕಡೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ. ತಂಗಿಯ ಸುಳಿವಿರಲಿಲ್ಲ.

ಸರದಿ ಬಂತು. ನಮ್ಮವರು ಕಟಾಂಜನದ ಹತ್ತಿರ ಹೋಗಿ ತಂಗಿಯ ಹೆಸರು ಕೂಗಿದರು. ಮದುವೆಯಾದಾಗಿನಿಂದ ಆ ಹೆಸರನ್ನು ಅವರ ಬಾಯಲ್ಲಿ ಕೇಳಿದ್ದೇನೆ, ಇಷ್ಟು ಗಟ್ಟಿಯಾಗಿ ಎಂದೂ ಕೇಳಿರಲಿಲ್ಲ. ಅಂಗಳದಲ್ಲಿ ಯಾರೂ ಅಲುಗಲಿಲ್ಲ. ಎರಡನೇ ಸಲ ಕೂಗಿದರು. ಮಗು ನನ್ನ ತೊಡೆಗೆ ಒರಗಿಕೊಂಡು ಮೆಟ್ಟಿಲನ್ನೇ ನೋಡುತ್ತಿತ್ತು. ಕೋರ್ಟು ಸುಮ್ಮನಾಯಿತು. ನೀರಿನ ವಾಸನೆ ಬಂತು.

ಸ್ವಲ್ಪ ಹೊತ್ತಾದ ಮೇಲೆ ಬೀಗಿತ್ತಿಯ ವಕೀಲ ಎದ್ದು ನಿಂತ. ದೊಡ್ಡ ಗೆಲುವಿನ ವಾಸನೆ ಬಡಿದವನ ಮುಖ.

"ಮಹಾಸ್ವಾಮಿ, ನಮ್ಮದೊಂದು ಆಕ್ಷೇಪ ಇದೆ. ಕೂಗೋ ದಫೇದಾರ್ರು ಮೇಲ್ಮನವಿದಾರಳ ಸ್ವಂತ ಭಾವ. ಇವ್ರಿಗೆ ಸಾಯಂಕಾಲದವರೆಗೂ ದೋಣಿ ಕಾಣೋದಿಲ್ಲ."

ಹಾಲಿನಲ್ಲಿ ಕೆಲವರು ನಕ್ಕರು. ಹಿರಿಯ ನ್ಯಾಯಮೂರ್ತಿಗಳು ನಗಲಿಲ್ಲ. ಹಳೆಯ ನಿಯಮದ ಪುಸ್ತಕ ತರಿಸಿ, ಕನ್ನಡಕ ಏರಿಸಿಕೊಂಡು ಓದಿದರು. ಹಿಂದೆ ಯಾರೋ ಒಬ್ಬ ದಫೇದಾರ ಬೇಕಾದವರಿಗಾಗಿ ದೋಣಿ ತಡ ಮಾಡಿಸುತ್ತಾನೆಂದು ದೂರು ಬಂದು, ಅದಕ್ಕೂ ಒಂದು ನಿಯಮ ಬರೆದಿಟ್ಟಿದ್ದರಂತೆ.

"ಎದುರು ಪಕ್ಷ ಆಕ್ಷೇಪ ಎತ್ತಿದ್ರೆ, ಬಂದ ದೋಣೀನ ಬಚ್ಚಿಡದ ಹಾಗೆ ಆ ಪಕ್ಷದವರೇ ಒಬ್ರು ಹೋಗಿ ದಫೇದಾರರ ಪಕ್ಕ ನಿಲ್ಲಬೇಕು. ಇಬ್ಬರಿಗೂ ಕಂಡ ಮೇಲೇ ಮೂರನೇ ಕೂಗು. ಆಗಬಹುದಾ?"

"ಧಾರಾಳವಾಗಿ," ಎಂದ ವಕೀಲ. "ನಮ್ಮ ಕಕ್ಷಿದಾರರೇ ನಿಲ್ತಾರೆ."

ಬೀಗಿತ್ತಿ ಎದ್ದು ಬಂದಳು. ನನ್ನನ್ನು ನೋಡದೆ ನನ್ನ ಮೇಜನ್ನು ದಾಟಿ ಹೋಗಿ, ನಮ್ಮವರ ಪಕ್ಕದಲ್ಲಿ ಕಟಾಂಜನ ಹಿಡಿದು ನಿಂತಳು. ಇಬ್ಬರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಹೊರಗೆ ರಸ್ತೆ ಕರಗಿದ ಹಾಗೆ ಹೊಳೆಯುತ್ತಿತ್ತು, ಬಸ್ಸುಗಳು ಸದ್ದಿಲ್ಲದೆ ತೇಲಿ ಹೋಗುತ್ತಿದ್ದವು. ಹುಟ್ಟಿನ ಸದ್ದು ಕೇಳಿತು. ಮೊದಲು ದೂರ, ಆಮೇಲೆ ಹತ್ತಿರ, ಆಮೇಲೆ ಮರಕ್ಕೆ ಕಲ್ಲು ತಾಗಿದಂಥ ಒಂದು ಮೆತ್ತಗಿನ ಸದ್ದು. ಬೇಡ, ಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಬಂತು," ಎಂದರು ನಮ್ಮವರು.

ಇಷ್ಟು ವರ್ಷ ಜೊತೆಗೆ ಬದುಕಿದ ಮನುಷ್ಯನ ಬೆನ್ನನ್ನು ನೋಡುತ್ತ, ಇವನ ಮನೆಗೆ ಇನ್ನು ಹೋಗಬಾರದು ಎಂದುಕೊಂಡೆ.

"ಅಮ್ಮಾ, ನಿಮಗೆ?" ಎಂದು ಒಳಗಿನಿಂದ ಹಿರಿಯ ನ್ಯಾಯಮೂರ್ತಿಗಳು ಕೇಳಿದರು.

ಬೀಗಿತ್ತಿ ತಲೆ ತಿರುಗಿಸಿ ಮಗುವಿನ ಕಡೆ ನೋಡಿದಳು. ಮಗು ಇನ್ನೂ ಮೆಟ್ಟಿಲನ್ನೇ ನೋಡುತ್ತಿತ್ತು.

"ಇಲ್ಲ ಸ್ವಾಮಿ. ಬಂದಿಲ್ಲ."

ವಕೀಲ ಹರಳೆಣ್ಣೆ ಕುಡಿದವನ ಮುಖ ಮಾಡಿಕೊಂಡು ಅವಳ ಹತ್ತಿರ ಓಡಿದ. "ಅಮ್ಮಾ, ಬಂತು ಅನ್ಬೇಕು. ಬಂತು ಅಂದ್ರೇನೇ ನಾವು ಗೆಲ್ಲೋದು. ನಿಮಗೆ ಸರಿಯಾಗಿ ಕಾಣಿಸ್ತಿಲ್ಲ."

"ನನ್ನ ಕಣ್ಣು ಚೆನ್ನಾಗೇ ಇದೆ. ನೀನು ಹೋಗಿ ಕೂತ್ಕೊ."

ನಿಯಮದ ಪ್ರಕಾರ ಇಬ್ಬರಿಗೂ ಕಾಣಬೇಕು. ನ್ಯಾಯಮೂರ್ತಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಾದರು. ಹಾಲಿನವರೆಲ್ಲ ಕಾದರು. ಒಂದಿಬ್ಬರು ವಕೀಲರು ಕೂತಲ್ಲೇ ತೂಕಡಿಸಿದರು. ನೀರಿನ ವಾಸನೆ ಎಲ್ಲರ ಬಟ್ಟೆಗೆ ಇಳಿಯಿತು. ಬೀಗಿತ್ತಿ ನಿಂತಲ್ಲಿಂದ ಕದಲಲಿಲ್ಲ. ವಯಸ್ಸಾದ ಕಾಲು, ಒಮ್ಮೆ ಈ ಕಾಲಿನ ಮೇಲೆ, ಒಮ್ಮೆ ಆ ಕಾಲಿನ ಮೇಲೆ ಭಾರ ಹಾಕುತ್ತ ನಿಂತಿದ್ದಳು. ನಮ್ಮವರು ತಮ್ಮ ಸ್ಟೂಲನ್ನು ಅವಳ ಕಡೆ ತಳ್ಳಿದರು. ಅವಳು ಕೂರಲಿಲ್ಲ.

ಕೊನೆಗೆ ಮೆಟ್ಟಿಲ ಮೇಲೆ ಓಡುವ ಸದ್ದು ಕೇಳಿತು. ತಂಗಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಏದುಸಿರು ಬಿಡುತ್ತ ಮೇಲೆ ಬಂದಳು. "ಬಸ್ಸು ಕೆಟ್ಟೋಯ್ತು ಅಕ್ಕಾ, ನಡ್ಕೊಂಡೇ ಬಂದೆ," ಎಂದಳು. ಅವಳ ಬಟ್ಟೆ ಮೊಣಕಾಲವರೆಗೆ ಒದ್ದೆಯಾಗಿತ್ತು.

ಬೀಗಿತ್ತಿ ಸೊಸೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಹಾಲಿನ ಕಡೆ ತಿರುಗಿ, "ಈಗ ಬಂತು ಸ್ವಾಮಿ," ಎಂದಳು.

ನಮ್ಮವರು ಮೂರನೇ ಸಲ ಕೂಗಿದರು. ಪಕ್ಕದಲ್ಲೇ ನಿಂತಿದ್ದ ತಂಗಿ, "ಇದ್ದೀನಿ," ಎಂದಳು.

ಆಮೇಲೆ ಆದದ್ದು ಬೇಗ ಆಯಿತು. ಹಗಲು ಪಾಳಿಯ ಕಾಗದ ನೋಡಿದರು, ತಂಗಿಯನ್ನು ನಾಲ್ಕು ಪ್ರಶ್ನೆ ಕೇಳಿದರು, ಮಗುವನ್ನು ಕರೆದು ಮಾತಾಡಿಸಿದರು. ಮಗು ತಾಯಿಯ ಹತ್ತಿರ ಇರಲಿ, ಅಜ್ಜಿ ಬೇಕೆಂದಾಗ ಬಂದು ನೋಡಲಿ ಎಂದು ಪೀಠ ಹೇಳಿತು. ತಂಗಿ ಮಗುವನ್ನು ಎತ್ತಿಕೊಂಡು ವರಾಂಡದ ಆ ತುದಿಗೆ ಹೋಗಿ, ಗೋಡೆಗೆ ಮುಖ ಮಾಡಿ ಅತ್ತಳು.

ಬೀಗಿತ್ತಿ ಬಟ್ಟೆಯ ಚೀಲವನ್ನು ನನ್ನ ಮೇಜಿನ ಮೇಲೆ ಇಟ್ಟಳು. ಒಳಗಿದ್ದ ಪುಟ್ಟ ಅಂಗಿಗಳನ್ನು ಸುಮ್ಮಸುಮ್ಮನೆ ತೆಗೆದು ಮತ್ತೆ ಮಡಿಸಿಟ್ಟಳು. ಇಷ್ಟು ದಿನ ಬಿಟ್ಟಿದ್ದ ಮಾತನ್ನು ಅವಳೇ ಆಡಿದಳು.

"ಮನೆಗೆ ಹೋಗಿ ಗಂಡನ ಮೇಲೆ ಕೂಗಾಡ್ಬೇಡ. ಅವನು ಸುಳ್ಳು ಹೇಳ್ಲಿಲ್ಲ. ದೋಣಿ ನಾನೂ ನೋಡ್ದೆ. ಖಾಲಿ ಬಂದು ನಿಂತಿತ್ತು."

"ಮತ್ತೆ ಯಾಕಮ್ಮಾ ಇಲ್ಲ ಅಂದ್ರಿ? ಬಂತು ಅಂದಿದ್ರೆ ಮಗು ನಿಮ್ಮ ಹತ್ರಾನೇ ಇರ್ತಿತ್ತು."

ಅವಳು ಚೀಲದ ಬಾಯಿ ಕಟ್ಟಿದಳು. ಕಟ್ಟಿದ ಗಂಟನ್ನು ಬಿಚ್ಚಿ ಮತ್ತೊಮ್ಮೆ ಸಡಿಲವಾಗಿ ಕಟ್ಟಿದಳು.

"ಅದು ನಿದ್ದೇಲಿ ಅಮ್ಮಾ ಅಂತ ಅಳುತ್ತೆ ಕಣಮ್ಮ. ನಾನು ಎದ್ದು ಹತ್ರ ಹೋಗ್ತೀನಿ. ಕಣ್ಣು ಬಿಟ್ಟು ನನ್ನ ಮುಖ ನೋಡುತ್ತೆ, ನೋಡಿದ್ದೇ ಅಳು ನುಂಗ್ಕೊಂಡು ನಕ್ಬಿಡುತ್ತೆ. ನಂಗೆ ಬೇಜಾರಾಗ್ಬಾರ್ದು ಅಂತ. ಇಷ್ಟುದ್ದ ಕೂಸು."

ಕಟಾಂಜನ ಹಿಡಿದುಕೊಂಡು ಅವಳು ಒಬ್ಬಳೇ ಮೆಟ್ಟಿಲು ಇಳಿಯಲು ಶುರುಮಾಡಿದಳು. ನಾನು ಟೈಪ್‌ರೈಟರಿಗೆ ಮುಸುಕು ಹಾಕಿ, ಅವಳನ್ನು ಬಸ್ಸು ಹತ್ತಿಸಲು ಹಿಂದೆಯೇ ಓಡಿದೆ.