ಚರ್ಚಿನಲ್ಲೇ ಆಗಬೇಕಿದ್ದ ಮದುವೆ

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದೆ ಟೈಲರಿಂಗ್ ಅಂಗಡಿ ಇಟ್ಟಿದ್ದ ಜೆಸಿಂತಾಳಿಗೆ ಕೋರ್ಟಿನಿಂದ ವಿಚ್ಛೇದನ ಸಿಕ್ಕಿದ್ದು 2003ರಲ್ಲಿ. ಗಂಡ ವಿನ್ಸೆಂಟ್ ಮದುವೆಯಾದ ಕೆಲವೇ ವಾರಗಳಲ್ಲಿ ಅವಳನ್ನು ಬಿಟ್ಟು ಮಂಗಳೂರು ಸೇರಿದ್ದ. ಈಗ ಬಾಳೂರಿನ ಜೀಪ್ ಡ್ರೈವರ್ ಪಾಸ್ಕಲ್ ತನ್ನನ್ನು ಮದುವೆಯಾಗುತ್ತೀಯಾ ಎಂದು ಅವಳನ್ನು ಕೇಳಿದ್ದ. ಹೆಂಡತಿ ತೀರಿಕೊಂಡವನು, ಮಾತು ಕಡಿಮೆ. ಜೆಸಿಂತಾಳಿಗೂ ಮನಸ್ಸಿತ್ತು.

"ಕೋರ್ಟೇ ಬಿಡುಗಡೆ ಕೊಟ್ಟ ಮೇಲೆ ಇನ್ನೇನೇ? ರಿಜಿಸ್ಟ್ರಾರ್ ಆಫೀಸಲ್ಲಿ ಸೈನ್ ಹಾಕಿ ಮುಗಿಸ್ಕೊ" ಎಂದರು ಅಂಗಡಿ ಕಟ್ಟಡದ ಯಜಮಾನಿ ಶಂಕರಮ್ಮ.

"ನಾನೇನು ಕದ್ದು ಮದುವೆ ಆಗ್ತಿದ್ದೀನಾ ಶಂಕರಮ್ಮೋರೆ? ಚರ್ಚಲ್ಲೇ ಆಗ್ತೀನಿ, ನೋಡಿ."

ಚರ್ಚಿನ ಫಾದರ್ ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡರು.

"ಕೋರ್ಟಲ್ಲಿ ವಿಚ್ಛೇದನ ತಗೊಂಡಿದ್ದಕ್ಕೆ ನಿನಗೆ ಪೂಜೆಯಲ್ಲಿ ಕೊಡೋ ಪರಮಪ್ರಸಾದ ತಪ್ಪೋದಿಲ್ಲಮ್ಮ. ಆದ್ರೆ ಚರ್ಚಿನ ಪಾಲಿಗೆ ಆ ಮದುವೆ ಇನ್ನೂ ಇದೆ. ವಿನ್ಸೆಂಟ್ ಬದುಕಿರೋವರೆಗೆ ಇನ್ನೊಂದು ಆಗೋ ಹಾಗಿಲ್ಲ."

"ಅವನು ಒಪ್ಪಿ ಮದುವೆ ಆಗಿದ್ದೇ ಅಲ್ಲ ಫಾದರ್. ಅವನ ಅಪ್ಪ ವಿಷ ಕುಡೀತೀನಿ ಅಂತ ಹೆದರಿಸಿ ತಂದು ನಿಲ್ಲಿಸಿದ್ರು. ನನ್ನ ಹತ್ರಾನೇ ಹೇಳಿ ಅತ್ತಿದ್ದ."

ಫಾದರ್ ಕನ್ನಡಕ ತೆಗೆದಿಟ್ಟರು. "ಹಾಗಿದ್ರೆ ಮಾತು ಬೇರೆ. ಹೆದರಿಸಿ ಹೇಳಿಸಿದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಆ ಮದುವೆ ಮೊದಲಿಂದಲೂ ಆಗೇ ಇರ್ಲಿಲ್ಲ ಅಂತ ಬಿಷಪರ ನ್ಯಾಯಪೀಠ ತೀರ್ಪು ಕೊಡಬಹುದು. ಸಾಕ್ಷಿ ಬೇಕು. ಅವನೇ ಬಂದು ಹೇಳಿದ್ರೆ ಇನ್ನೂ ಒಳ್ಳೇದು."

"ಬರ್ತಾನೆ" ಎಂದಳು ಜೆಸಿಂತಾ.

ಆ ವಾರವೇ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋದಳು. ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತಿದ್ದ ವಿನ್ಸೆಂಟ್ ಅವಳನ್ನು ಕಂಡು ಬೆವರಿದ. ಹೊರಗೆ ಕರೆದು ವಿಷಯ ತಿಳಿಸಿದಳು.

"ಅಪ್ಪನ ಹೆಸರು ಹಾಳಾಗುತ್ತಲ್ಲ" ಎಂದ ಅವನು.

"ಅಪ್ಪ ತೀರಿಕೊಂಡಾಯ್ತು. ಬದುಕಿರೋರು ನಾವಿಬ್ಬರು. ಸುಳ್ಳು ಹೇಳು ಅಂತ ನಾನು ಕೇಳ್ತಿಲ್ಲ. ಆವತ್ತು ನನಗೆ ಹೇಳಿದ್ದನ್ನೇ ಅಲ್ಲೂ ಹೇಳು."

ಅವನು ಕೈಗಂಟಿದ ಮೊಳೆಯ ತುಕ್ಕನ್ನು ಪ್ಯಾಂಟಿಗೆ ಒರೆಸಿಕೊಂಡ. "ನಿನಗೆ ನನ್ನ ಮೇಲೆ ಸಿಟ್ಟಿಲ್ವಾ?"

"ಇತ್ತು. ಈಗ ನನಗೆ ಬೇರೆ ಕೆಲಸ ಇದೆ."

ವಿನ್ಸೆಂಟ್ ಚಿಕ್ಕಮಗಳೂರಿಗೆ ಬಂದು ಬಿಷಪರ ನ್ಯಾಯಪೀಠದ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವನ ಅಕ್ಕನೂ ಬಂದಳು. ಮದುವೆಯ ಬೆಳಿಗ್ಗೆ ವಿನ್ಸೆಂಟ್ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದನ್ನು, ಅಪ್ಪ ವಿಷದ ಬಾಟಲಿ ಹಿಡಿದು ಕೂಗಿದ್ದನ್ನು ವಿವರಿಸಿದಳು. ಆ ಮದುವೆ ಆಗೇ ಇರಲಿಲ್ಲವೆಂದು ತೀರ್ಪು ಬಂದರೂ ಅದನ್ನು ಚರ್ಚಿನ ಮೇಲಿನ ನ್ಯಾಯಪೀಠ ಒಪ್ಪಬೇಕಿತ್ತು. ವರ್ಷ ದಾಟಿತು. ಊರಿನವರು ಪಾಸ್ಕಲ್‌ನನ್ನು ಚುಡಾಯಿಸಿದರು: "ಇನ್ನೂ ಎಷ್ಟು ಕಾಯ್ತೀಯ ಮಾರಾಯ?"

"ಅವಳು ಆಗುತ್ತೆ ಅಂದಿದ್ದಾಳೆ" ಎಂದಷ್ಟೇ ಹೇಳಿ ಅವನು ಜೀಪ್ ಹತ್ತುತ್ತಿದ್ದ.

ಮೇಲಿನ ಪೀಠವೂ ಒಪ್ಪಿತು. ಮೇ ತಿಂಗಳ ಒಂದು ಬೆಳಿಗ್ಗೆ, ಬೇರೆ ಯಾರೂ ಹೊಲಿಯಬಾರದೆಂದು ಹಠ ಹಿಡಿದು ತಾನೇ ಹೊಲಿದುಕೊಂಡ ರವಿಕೆ ತೊಟ್ಟು, ಜೆಸಿಂತಾ ಚರ್ಚಿನ ಬಲಿಪೀಠದ ಮುಂದೆ ಪಾಸ್ಕಲ್ ಪಕ್ಕದಲ್ಲಿ ನಿಂತಳು. ಮುಂದಿನ ಬೆಂಚಿನಲ್ಲಿ ಕೂತ ಶಂಕರಮ್ಮ ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂದು ತಿಳಿಯದೆ ಪಕ್ಕದವರನ್ನು ನೋಡಿ ನೋಡಿ ಎದ್ದು ಕೂರುತ್ತಿದ್ದರು. ಜೆಸಿಂತಾಳಿಗೆ ನಗು ತಡೆಯಲಾಗಲಿಲ್ಲ. ಫಾದರ್ ಕೂಡ ನಕ್ಕುಬಿಟ್ಟರು.