ಹೆಸರಿನವರ ಹೆಗಲು

ಕೇಕಿನ ಹಿಟ್ಟು ಕಲಸುತ್ತಿದ್ದ ಕೈಯಿಂದಲೇ ಪರದೆಯನ್ನು ಎರಡು ಬೆರಳಿನಷ್ಟು ಸರಿಸಿ ಫ್ರೀಡಾ ಎಣಿಸಿದಳು. ಗೇಟಿನ ಬಳಿ ನಾಲ್ಕನೆಯ ಕಾರು ಬಂದು ನಿಂತಿತ್ತು. ನಾಲ್ಕರಲ್ಲಿ ಒಂದೂ ಈ ಕಣಿವೆಯದಲ್ಲ. ಕಣಿವೆಯ ಕಾರುಗಳಿಗೆ ಬಾಗಿಲವರೆಗೆ ಕೆಸರು ಮೆತ್ತಿರುತ್ತದೆ; ಇವು ಆಗಷ್ಟೆ ತೊಳೆದಿಟ್ಟ ಪಾತ್ರೆಗಳ ಹಾಗೆ ಹೊಳೆಯುತ್ತಿದ್ದವು.

"ಇನ್ನೊಂದು ಬಂತು," ಎಂದಳು.

ಅಡುಗೆಮನೆಯ ಮೇಜಿನ ಮೇಲೆ ಉಪ್ಪು ಹಾಕಿ ಬೇಯಿಸಿದ ಹಂದಿತೊಡೆಯನ್ನು ತೆಳ್ಳಗೆ ಸೀಳುತ್ತಿದ್ದ ತಂಗಿ ಕೋನಿ ಚಾಕು ನಿಲ್ಲಿಸಲಿಲ್ಲ. "ನಾನಂತೂ ಕರೆದಿಲ್ಲಪ್ಪ. ನೀನು ಹೇಳಿದ ಹನ್ನೆರಡು ಮನೆಗೆ ಹೋದೆ, ಬಾಗಿಲಲ್ಲಿ ನಿಂತು ಹೇಳಿದೆ, ಬಂದೆ. ಹದಿಮೂರನೇ ಬಾಗಿಲು ತಟ್ಟಿದ್ರೆ ಕೇಳು."

ಈ ಕಣಿವೆಯಲ್ಲಿ ಮಣ್ಣಿಗೆ ಕರೆಯದೆ ಯಾರೂ ಬರುವುದಿಲ್ಲ. ಸತ್ತವರ ಕಡೆಯವರು ಮನೆಮನೆಗೆ ಹೋಗಿ ಹೇಳಬೇಕು, ಪ್ರತಿ ಮನೆಯಿಂದ ಒಬ್ಬರು ಬರಬೇಕು. ಕರೆಯದೆ ಬಂದವನು ಒಂದೋ ಕಳ್ಳ, ಇಲ್ಲವೇ ಪಾಲು ಕೇಳುವವನು ಎಂಬುದು ಇಲ್ಲಿಯವರ ತೀರ್ಮಾನ. ಗೇಟಿನಾಚೆ ನಿಂತಿದ್ದ ಐದು ಗಂಡಸರು, ಒಬ್ಬ ಹೆಂಗಸು ಒಳಗೂ ಬಾರದೆ ಹೊರಗೂ ಹೋಗದೆ ಗಾಳಿಗೆ ಕಾಲರ್ ಎತ್ತಿಕೊಂಡು ಮನೆಯನ್ನೇ ನೋಡುತ್ತಿದ್ದರು. ಮನೆ ನೋಡುತ್ತಿದ್ದಾರೋ, ಅಳೆಯುತ್ತಿದ್ದಾರೋ? ಫ್ರೀಡಾಗೆ ಎರಡನೆಯದೇ ಸರಿಯೆನಿಸಿತು.

ಮುಂದಿನ ಕೋಣೆಯಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ, ಅವಳ ಗಂಡ ಹೆಡ್ಲಿ ಆಸ್ಕರ್‌ಗಿಲ್ ಮಲಗಿದ್ದ. ಎಪ್ಪತ್ತೈದು ವರ್ಷ ಬದುಕಿದ, ಐವತ್ತು ವರ್ಷ ಅವಳೊಂದಿಗೆ ಸಂಸಾರ ಮಾಡಿದ, ಕುರಿ ಸಾಕಿದ, ಬಿದ್ದ ಕಲ್ಲುಗೋಡೆಗಳನ್ನು ಎತ್ತಿ ಕಟ್ಟಿದ. ಗುರುವಾರ ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತ ಕುಳಿತವನು ಏಳಲಿಲ್ಲ.

ಪೆಟ್ಟಿಗೆ ಮಾಡಿದ ಬಡಗಿ ಪಾರ್ಕಿನ್ ಟೋಪಿ ಕೈಯಲ್ಲಿ ಹಿಡಿದು ಹಿತ್ತಿಲ ಬಾಗಿಲಿನಿಂದ ಬಂದ. ಹೂಳುವ ಏರ್ಪಾಟೂ ಅವನದೇ, ಅವನಪ್ಪನ ಕಾಲದಿಂದ.

"ಅವರೆಲ್ಲ ಆಸ್ಕರ್‌ಗಿಲ್‌ಗಳು, ಫ್ರೀಡಾ," ಎಂದ.

"ಯಾರು ಹೇಳಿದ್ದು?"

"ನಾನೇ ಫೋನ್ ಮಾಡಿ ಕರೆಸಿದ್ದು." ಪಾರ್ಕಿನ್ ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದ. "ಎರಡು ಚಳಿಗಾಲದ ಹಿಂದೆ ಹೆಡ್ಲಿ ಪಟ್ಟಿ ಕೊಟ್ಟಿದ್ದ. ನಾನು ಹೋದ ದಿನ ಇವರಿಗೆ ತಿಳಿಸು ಅಂದ. ನಿಂಗೆ ಮಾತ್ರ ಹೇಳ್ಬೇಡ ಅಂದ."

"ನಂಗೆ ಹೇಳ್ಬೇಡ ಅಂದ್ನಾ?"

"ಸಾವಿನ ಮಾತು ಅವಳ ಮುಂದೆ ಬೇಡ ಅಂದ. ನನಗೇನು ಗೊತ್ತು ಗಂಡ ಹೆಂಡ್ತಿ ಸಮಾಚಾರ."

ಕೋನಿಯ ಚಾಕು ಈಗ ನಿಂತಿತು. "ಗಂಡ ಹೆಂಡ್ತಿ ಸಮಾಚಾರ ಅಲ್ಲ ಬಿಡು. ಗೇಟಿನ ಹತ್ರ ಇರೋ ಆ ಹೆಂಗಸಿನ ಸಮಾಚಾರ."

ಆಸ್ಕರ್‌ಗಿಲ್ ಎಂಬುದು ಮೊದಲು ಈ ಮನೆಯ ಹೆಸರು. ಮನೆಯ ಹಿಂದೆ ಹಳ್ಳ ಕೊರೆದ ಒಂದು ಕಮರಿ ಇದೆ, ಅದರ ತುಂಬ ನೀರುಹಲ್ಲಿಗಳು. ಆ ಹಲ್ಲಿಗೆ ಇಲ್ಲಿಯವರು ಆಸ್ಕರ್ ಎನ್ನುತ್ತಾರೆ, ಕಮರಿಗೆ ಗಿಲ್. ಹಲ್ಲಿಯಿಂದ ಕಮರಿಗೆ, ಕಮರಿಯಿಂದ ಮನೆಗೆ, ಮನೆಯಿಂದ ಮನುಷ್ಯರಿಗೆ ಹೆಸರು ಬಂತು ಎಂಬುದು ಹೆಡ್ಲಿಯ ವಾದ. ಹಡಗಿನಲ್ಲಿ ಬಂದ ಯಾವನೋ ಹಳೆಯ ಕಾಲದ ವೀರನ ಹೆಸರದು ಎಂದು ಪಾದ್ರಿ ಒಮ್ಮೆ ಹೇಳಿದಾಗ, "ವೀರ ನಿಮಗಿರಲಿ ಸ್ವಾಮಿ, ನಮಗೆ ಹಲ್ಲಿ ಸಾಕು" ಎಂದಿದ್ದನಂತೆ. ಸಂತೆಯಲ್ಲಿ ಅವನನ್ನು ಕಂಡರೆ "ಬಂತಪ್ಪ ಹಲ್ಲಿ" ಎಂದು ರೇಗಿಸುತ್ತಿದ್ದುದೂ ಉಂಟು.

ಹಿಂದಿನ ಕೋಣೆಯ ಗೋಡೆಗೆ ಇಂಗ್ಲೆಂಡಿನ ದೊಡ್ಡ ಭೂಪಟ ಅಂಟಿಸಿದ್ದ. ಪೇಟೆಯ ಗ್ರಂಥಾಲಯದಲ್ಲಿ ಕುಳಿತು ಎಲ್ಲ ಊರಿನ ಟೆಲಿಫೋನ್ ಪುಸ್ತಕ ಜಾಲಾಡಿ, ಚರ್ಚುಗಳ ಹಳೆಯ ದಾಖಲೆ ತಿರುವಿ, ಒಂದೊಂದು ಆಸ್ಕರ್‌ಗಿಲ್‌ಗೆ ಒಂದೊಂದು ಗುಂಡುಸೂಜಿ ಚುಚ್ಚುತ್ತಿದ್ದ. ದೇಶಕ್ಕೆಲ್ಲ ಸೇರಿ ಮೂವತ್ತೆಂಟು. ಮೀನು ಹಿಡಿಯಲು ಹೋದ ಒಬ್ಬನಿಂದ ಗ್ರಿಮ್ಸ್‌ಬಿಯಲ್ಲಿ ಹನ್ನೊಂದು. ರೈಲಿನ ಕೆಲಸಕ್ಕೆ ಹೋದವನಿಂದ ಡರ್ಬಿಯಲ್ಲಿ ಒಂಬತ್ತು. ನೌಕಾಪಡೆ ಸೇರಿದವನಿಂದ ಪ್ಲಿಮತ್‌ನಲ್ಲಿ ನಾಲ್ಕು. ಅಲ್ಲಲ್ಲಿ ಒಂಟಿ ಸೂಜಿಗಳು. ಹೆಸರು ಹುಟ್ಟಿದ ಕಣಿವೆಯಲ್ಲಿ ಮಾತ್ರ ಒಂದೇ ಸೂಜಿ, ಹೆಡ್ಲಿಯದು. ಫ್ರೀಡಾ ಮದುವೆಯಾಗಿ ಬಂದವಳು, ಅವಳಿಗೆ ಸೂಜಿ ಇರಲಿಲ್ಲ.

*

ವರ್ಷಕ್ಕೊಂದು ಸಲ, ಕೆಲವೊಮ್ಮೆ ಎರಡು ಸಲ, ಹೆಡ್ಲಿ ಬೆಳಗಿನ ಮೊದಲ ಬಸ್ಸು ಹಿಡಿಯುತ್ತಿದ್ದ. "ಹೆಸರಿನ ಕೆಲಸ ಇದೆ," ಎನ್ನುತ್ತಿದ್ದ. ಬೂದು ಚೀಲದಲ್ಲಿ ಮದುವೆಯ ಕರಿ ಸೂಟು ಮಡಚಿ ಇಟ್ಟುಕೊಳ್ಳುತ್ತಿದ್ದ. ಹಳೆಯ ದಾಖಲೆ ಓದಲು ಕರಿ ಸೂಟು ಯಾಕೆ ಎಂದು ಫ್ರೀಡಾ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ, ಆ ಭಯ.

ರಾತ್ರಿ ಬಂದವನು ಅನ್ನಪಾನವಿಲ್ಲದವನ ಹಾಗೆ ಸುಮ್ಮನೆ ಕೂರುತ್ತಿದ್ದ. ಮರುದಿನ ಅವಳು ಸೂಟನ್ನು ಗಾಳಿಗೆ ಹಾಕುವ ನೆಪದಲ್ಲಿ ಮೂಸುತ್ತಿದ್ದಳು. ಬೇರೆಯವರ ಮನೆಯ ವಾಸನೆ. ಒಮ್ಮೆ ಭುಜದ ಮೇಲೆ ಯಾವುದೋ ಬಿಳಿ ಹೂವಿನ ಪುಡಿ. ಕೈಹಿಡಿದವನ ಜೇಬು ತಡಕುವ ಹೆಂಗಸಾದೆನಲ್ಲ ಎಂದು ನಾಚಿಕೆಯಾಗುತ್ತಿತ್ತು, ಆದರೂ ತಡಕುತ್ತಿದ್ದಳು.

ತೊಂಬತ್ತೆಂಟರಲ್ಲಿ ಒಳಜೇಬಿನಲ್ಲಿ ಒಂದು ಕಾಗದ ಸಿಕ್ಕಿತು. ಹೆಣ್ಣಿನ ಕೈಬರಹ. "ಅವತ್ತು ನೀವು ಬರದೆ ಇದ್ದಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ಸಾಯುವವರೆಗೆ ಮರೆಯುವುದಿಲ್ಲ. ಲೊರೇನ್." ಇದ್ದ ಹಾಗೆಯೇ ಮಡಚಿ ಇದ್ದಲ್ಲೇ ಇಟ್ಟಳು. ಅವತ್ತಿನಿಂದ ಹದಿನೆಂಟು ವರ್ಷ ಅವನಿಗೆ ಚಹಾ ಸೋಸಿ ಕೊಡುವಾಗಲೆಲ್ಲ ಆ ಹೆಸರು ಅವಳ ನಾಲಗೆಯ ತುದಿಗೆ ಬಂದು ಹಿಂದೆ ಹೋಗುತ್ತಿತ್ತು.

*

ಗೇಟಿನವರನ್ನು ಚಳಿಯಲ್ಲಿ ನಿಲ್ಲಿಸಿದರೆ ಕಣಿವೆ ಆಡಿಕೊಳ್ಳುತ್ತದೆಂದು ಪಾರ್ಕಿನ್ ಒಳಗೆ ಕರೆತಂದ. ಗಂಡಸರು ಅಂಗಳದಲ್ಲೇ ನಿಂತರು. ಹೆಂಗಸು ಮಾತ್ರ ಕಾಲೊರೆಸಿ ಅಡುಗೆಮನೆಗೆ ಬಂದಳು. ಐವತ್ತು ದಾಟಿದ ಕುಳ್ಳಿ. ಗಲ್ಲದಲ್ಲಿ ಒಂದು ಗುಳಿ. ಹೆಡ್ಲಿಗೆ ಇದ್ದದ್ದೂ ಅದೇ ಗುಳಿ.

"ಮಿಸೆಸ್ ಆಸ್ಕರ್‌ಗಿಲ್, ನಾನು ಗ್ರಿಮ್ಸ್‌ಬಿಯಿಂದ ಬಂದೆ. ಲೊರೇನ್ ಅಂತ."

ಫ್ರೀಡಾ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಲೊರೇನ್ ಏನು ಮಾಡುವುದೆಂದು ತೋಚದೆ ಬ್ರೆಡ್ಡಿನ ರಾಶಿ ಕಂಡು, ಚಾಕು ತೆಗೆದುಕೊಂಡು ಬೆಣ್ಣೆ ಹಚ್ಚತೊಡಗಿದಳು. ಕೋನಿ ಅಕ್ಕನ ಕಿವಿಗೆ ಬಾಯಿ ತಂದಳು.

"ಗಲ್ಲ ನೋಡ್ದಾ? ಮಗಳೋ ಮತ್ತೊಂದೋ. ಇವತ್ತು ಬೆಣ್ಣೆ ಹಚ್ತಾಳೆ, ನಾಳೆ ಬೀಗದ ಕೈ ಕೇಳ್ತಾಳೆ. ಈಗಲೇ ಓಡ್ಸು."

"ಊರೆಲ್ಲ ಬರೋ ಹೊತ್ತು. ಸುಮ್ನಿರು."

ಪಾರ್ಕಿನ್ ಬಾಗಿಲಲ್ಲಿ ಕೆಮ್ಮಿದ. "ಫ್ರೀಡಾ, ಎತ್ತೋ ಹೊತ್ತಾಯ್ತು. ಹೊರೋರು ಯಾರು?"

"ನಿನ್ನ ಆಳುಗಳು."

"ಆಸ್ಕರ್‌ಗಿಲ್‌ನನ್ನ ಆಸ್ಕರ್‌ಗಿಲ್‌ಗಳೇ ಹೊರಬೇಕು. ಇಲ್ಲಿಂದ ಚರ್ಚಿನ ತನಕ, ಆರು ಜನ. ಹಳೇ ಕ್ರಮ, ನಿಂಗೂ ಗೊತ್ತು."

"ಆರು ಜನ ಇದ್ದ ಕಾಲದ ಕ್ರಮ ಅದು. ಹೆಡ್ಲಿ ಅಪ್ಪನಿಗೇ ಐದು ಜನ ಸಿಕ್ಕಿದ್ದು, ಆರನೇ ಹೆಗಲು ನಿಮ್ಮಪ್ಪಂದು. ಆ ಗೇಟಿನವರು ಯಾರೂ ಅವನನ್ನ ಮುಟ್ಟಕೂಡದು, ಹೇಳಿದೀನಿ."

ಲೊರೇನ್‌ಳ ಚಾಕು ಬ್ರೆಡ್ಡಿನ ಮೇಲೆ ನಿಂತಿತ್ತು. ಅವಳ ಕಣ್ಣು ತುಂಬಿದ್ದನ್ನು ಫ್ರೀಡಾ ನೋಡಿದಳು. ನೋಡಿ ಮೈ ಉರಿಯಿತು. ನನ್ನ ಗಂಡನಿಗೆ ಇವಳು ಅಳುವುದೇ?

"ನೀನು ಬಾ ಈ ಕಡೆ," ಎಂದು ಉಗ್ರಾಣದೊಳಗೆ ಕರೆದು ಬಾಗಿಲು ಹಾಕಿದಳು. ಜಾಡಿಗಳ ನಡುವೆ ಇಬ್ಬರಿಗೆ ನಿಲ್ಲುವಷ್ಟೇ ಜಾಗ.

"ಎಷ್ಟು ವರ್ಷ?"

"ಏನು ಎಷ್ಟು ವರ್ಷ?"

"ಅವನು ನಿನ್ನ ಹತ್ರ ಬರ್ತಿದ್ದದ್ದು. ಕಾಗದ ನೋಡಿದೀನಿ ನಾನು. ಸಾಯೋವರೆಗೆ ಮರೆಯಲ್ಲ ಅಂತ ಬರೆದಿದ್ದೆ."

"ಅವರು ಬಂದದ್ದು ಒಂದೇ ದಿನ. ನಮ್ಮಪ್ಪನ ಮಣ್ಣಿಗೆ."

"ಯಾರು ಕರೆದ್ರು?"

"ಕ್ರಿಸ್ಮಸ್‌ಗೆ ನಮಗೆಲ್ಲ ಕಾರ್ಡು ಕಳಿಸ್ತಿದ್ರಲ್ಲ. ಮನೇಲಿ ಯಾರಾದ್ರೂ ಹೋದ್ರೆ ತಿಳಿಸಿ ಅಂತ ಕೊನೇಲಿ ಒಂದು ಸಾಲು. ನಗ್ತಿದ್ವಿ ನಾವು, ಇವನೊಬ್ಬ ರಣಹದ್ದು ಅಂತ." ಅವಳು ಮುಂಗೈಯಿಂದ ಮೂಗು ಒರೆಸಿಕೊಂಡಳು. "ನಮ್ಮಪ್ಪ ಕುಡುಕ. ಎಲ್ಲರ ಜೊತೆ ಜಗಳ ಆಡ್ಕೊಂಡು ಸತ್ತ. ಅಣ್ಣ ಸಮುದ್ರದ ಮೇಲಿದ್ದ. ಹೊರೋಕೆ ನಾಲ್ಕು ಜನ ಬಂದಿದ್ರು, ಅದ್ರಲ್ಲಿ ಒಬ್ಬನಿಗೆ ನಿಲ್ಲೋಕೂ ಆಗ್ತಿರ್ಲಿಲ್ಲ. ಆಗ ಚರ್ಚಿನ ಬಾಗಿಲಲ್ಲಿ ಯಾರೋ ಕರಿ ಸೂಟಿನೋರು ಟೋಪಿ ತೆಗೆದು, 'ನಾನೂ ಆಸ್ಕರ್‌ಗಿಲ್ ಕಣಮ್ಮ, ಒಂದು ಹೆಗಲು ಕಮ್ಮಿ ಬಿದ್ದಿದೆಯಲ್ಲ' ಅಂದ್ರು. ಹೊತ್ರು. ಒಂದು ಸ್ಯಾಂಡ್‌ವಿಚ್ ತಿಂದ್ರು. ಬಸ್ಸಿಗೆ ಹೊತ್ತಾಯ್ತು ಅಂತ ಹೋದ್ರು."

"ಅಷ್ಟೇನಾ?"

"ಅಷ್ಟೇ. ಹೊರಗಿದಾನಲ್ಲ ಉದ್ದನೆಯೋನು, ಟ್ರೆವರ್, ಪ್ಲಿಮತ್‌ನೋನು, ಅವನ ತಾತನ್ನ ಹೊತ್ರು. ಡರ್ಬಿ ಅಣ್ಣತಮ್ಮಂದಿರ ಅಪ್ಪನ್ನ, ಚಿಕ್ಕಪ್ಪನ್ನ. ಇವತ್ತು ಗೇಟಿನ ಹತ್ರ ನಿಂತು ಲೆಕ್ಕ ಹಾಕಿದ್ವಿ, ನಮಗೆ ಗೊತ್ತಿರೋ ಹಾಗೆ ಹದಿನಾಲ್ಕು ಜನರನ್ನ."

"ನಂಗ್ಯಾಕೆ ಹೇಳ್ಲಿಲ್ಲ?" ಫ್ರೀಡಾ ಕೇಳಿದ್ದು ಲೊರೇನ್‌ಳನ್ನಲ್ಲ.

"ನಿಮಗೆ ಗೊತ್ತು ಅಂದ್ಕೊಂಡಿದ್ವಿ. ಮನೆಗೆ ಫೋನ್ ಮಾಡಿ ತಿಳಿಸಬೇಡಿ, ಕಾಗದ ಹಾಕಿ, ನಮ್ಮನೇಲಿ ಹೆಣದ ಮಾತು ಆಗಲ್ಲ ಅಂತ ಮಾತ್ರ ಹೇಳ್ತಿದ್ರು."

*

ಎಪ್ಪತ್ತೆರಡರ ಮಾರ್ಚಿನಲ್ಲಿ ಹೆಡ್ಲಿ ಮೊದಲ ಸಲ ಡರ್ಬಿಗೆ ಹೋಗಿ ಬಂದಿದ್ದ. ಅದರ ಹಿಂದಿನ ವರ್ಷವಷ್ಟೆ ಅವನಪ್ಪನಿಗೆ ಆರನೆಯ ಹೆಗಲು ಸಿಗದೆ ಮನೆಯವರು ಕಣಿವೆಯ ಬಾಯಿಗೆ ಬಿದ್ದಿದ್ದರು. ಆ ರಾತ್ರಿ ಊಟಕ್ಕೆ ಕುಳಿತವನು ಮಾತು ನಿಲ್ಲಿಸಲಿಲ್ಲ. ಯಾರು ಹೊತ್ತರು, ಪೆಟ್ಟಿಗೆ ಎಷ್ಟು ಭಾರವಿತ್ತು, ಸತ್ತವನ ಕಿವಿ ತನ್ನಪ್ಪನ ಕಿವಿಯ ಹಾಗೆಯೇ ಇದ್ದದ್ದು, ಎಲ್ಲ. ಫ್ರೀಡಾಗೆ ಆರು ತಿಂಗಳು. ಬಸುರಿ ಕುಳಿತ ಮೇಜಿನಲ್ಲಿ ಬೇರೆಯವರ ಮಣ್ಣಿನ ಮಾತು ಆಡಬಾರದೆಂಬುದು ಕಣಿವೆಯ ಕೂಸಿಗೂ ಗೊತ್ತು. ಅವನು ಖುಷಿಯಲ್ಲಿ ಮರೆತಿದ್ದ.

ಭಾನುವಾರ ಮಗು ಬಂತು. ಉಸಿರಿರಲಿಲ್ಲ. ಮತ್ತೆ ಅವಳಿಗೆ ಮಕ್ಕಳಾಗಲಿಲ್ಲ.

ಅವಳು ಗೋಡೆಯ ಕಡೆ ತಿರುಗಿ ಮಲಗಿ, "ಇನ್ನು ಮೇಲೆ ಈ ಮನೆಯೊಳಗೆ ಬೇರೆಯವರ ಹೆಣ ತರಬೇಡ," ಎಂದಿದ್ದಳು. ಅವನು ಬಾಗಿಲಲ್ಲಿ ನಿಂತು "ಆಯ್ತು," ಎಂದಿದ್ದ.

ಹೇಳಿದ್ದನ್ನು ಅವಳು ಮರೆತಿರಲಿಲ್ಲ; ಅವನು ಹೊರಲು ಹೋಗುವುದನ್ನೇ ಬಿಟ್ಟನೆಂದುಕೊಂಡಿದ್ದಳು. ಆ ಮಾತನ್ನು ಅವನು ಹೀಗೆ ಬಾಯಿ ಬಿಡದೆ ನಲವತ್ತನಾಲ್ಕು ವರ್ಷ ಪಾಲಿಸುತ್ತಾನೆಂದು ಮಾತ್ರ ಎಣಿಸಿರಲಿಲ್ಲ.

*

ಉಗ್ರಾಣದಿಂದ ಹೊರಬಂದವಳ ಮುಖ ನೋಡಿ ಕೋನಿ, "ಒಪ್ಪಿಕೊಂಡ್ಲಾ?" ಎಂದಳು.

"ನನ್ನ ಕೋಟು ಕೊಡು."

ಅಂಗಳದಲ್ಲಿ ಕಣಿವೆಯ ಹನ್ನೆರಡು ಮನೆಯವರು ಒಂದು ಕಡೆ, ಬಂದವರು ಒಂದು ಕಡೆ ನಿಂತಿದ್ದರು. ಎರಡು ಕಡೆಯವರೂ ಪರಸ್ಪರ ನೋಡದ ಹಾಗೆ ನೋಡುತ್ತಿದ್ದರು. ಪೆಟ್ಟಿಗೆಯನ್ನು ಹೊರಗೆ ತಂದು ಎರಡು ಮಣೆಗಳ ಮೇಲೆ ಇಟ್ಟಿದ್ದರು. ಪಾರ್ಕಿನ್‌ನ ಆಳುಗಳು ತೋಳು ಸರಿಮಾಡಿಕೊಳ್ಳುತ್ತಿದ್ದರು.

"ನೀವು ಬಿಡ್ರಪ್ಪ," ಎಂದಳು ಫ್ರೀಡಾ. ಬಂದವರ ಕಡೆ ತಿರುಗಿ, "ನೀವು ಬನ್ನಿ" ಎಂದಳು. ಅವಳ ಸ್ವರ ಅವಳಿಗೇ ಒರಟಾಗಿ ಕೇಳಿಸಿತು. ಸಿಟ್ಟು ಇನ್ನೂ ಇತ್ತು. ಒಂದು ಮಾತು ಹೇಳಬಾರದಿತ್ತೇ, ಮೂರ್ಖ! ಕೇಳಬಾರದಿತ್ತೇ ನಾನು?

ಐದು ಗಂಡಸರು ಬಂದು ನಿಂತರು. ಎಡಗಡೆ ಮುಂದಿನ ಜಾಗ ಖಾಲಿ ಉಳಿಯಿತು. ಪಾರ್ಕಿನ್ ತಾನೇ ಮುಂದೆ ಬಂದ. "ನಮ್ಮಪ್ಪ ಆ ಸಲ ಕೊಟ್ಟ. ಈ ಸಲ ನಾನು ಕೊಡ್ತೀನಿ."

"ಹೊರಗಿನೋರು ಬೇಡ. ಲೊರೇನ್, ನೀನು ಹಿಡಿ."

ಕಣಿವೆಯವರ ಸಾಲಿನಲ್ಲಿ ಗುಸುಗುಸು ಎದ್ದಿತು. ಇಲ್ಲಿ ಗಂಡಸನ್ನು ಗಂಡಸರು, ಹೆಂಗಸನ್ನು ಹೆಂಗಸರು ಹೊರುವುದು. ಕೋನಿ ತೋಳು ಹಿಡಿದೆಳೆದಳು. "ತಲೆ ಕೆಟ್ಟಿದೆಯೇನೆ? ನಾಳೆ ಜನ ಏನಂದಾರು?"

"ಇವತ್ತು ಏನಂತಿದಾರೋ ಅದನ್ನೇ ಅಂತಾರೆ."

ಲೊರೇನ್ ಬಂದು ಟ್ರೆವರ್‌ನ ಪಕ್ಕಕ್ಕೆ ನಿಂತಳು. ಪಾರ್ಕಿನ್ ಮೆಲ್ಲಗೆ ಮೂರರವರೆಗೆ ಎಣಿಸಿದ. ಆರು ಹೆಗಲ ಮೇಲೆ ಪೆಟ್ಟಿಗೆ ಎದ್ದಿತು, ಎದ್ದದ್ದೇ ಎಡಕ್ಕೆ ವಾಲಿತು. ಟ್ರೆವರ್ ಮಂಡಿ ಬಗ್ಗಿಸಿ ನೋಡಿದ. ಲೊರೇನ್ ತುದಿಗಾಲಲ್ಲಿ ನಿಂತಳು. ಅವಳ ಹೆಗಲಿಗೂ ಹಲಗೆಗೂ ನಡುವೆ ಒಂದು ಗೇಣು ಹಾಗೇ ಉಳಿಯಿತು. ಒಳಗೆ ಏನೋ ಜರುಗಿದ ಸದ್ದಾಯಿತು. "ಇಳಿಸಿ," ಎಂದ ಪಾರ್ಕಿನ್.

"ಇಳಿಸ್ಬೇಡಿ," ಎಂದಳು ಫ್ರೀಡಾ.

ಕೋಟಿನ ಗುಂಡಿ ಬಿಚ್ಚಿದಳು. ದಪ್ಪ ಉಣ್ಣೆಯ ಕರಿ ಕೋಟನ್ನು ನಾಲ್ಕು ಮಡಿಕೆ ಮಾಡಿ, ಸಾಲದೆಂದು ಎಂಟು ಮಾಡಿ, ಲೊರೇನ್‌ಳ ಹೆಗಲಿಗೂ ಪೆಟ್ಟಿಗೆಗೂ ನಡುವೆ ತುರುಕಿದಳು. ಅಂಗೈಯಿಂದ ಒತ್ತಿ ಸಮ ಮಾಡಿದಳು. ಎರಡು ಹೆಜ್ಜೆ ಹಿಂದೆ ಸರಿದು, ಹೆಡ್ಲಿ ಕಟ್ಟಿದ ಗೋಡೆಯ ಸಾಲನ್ನು ನೋಡುವವರ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದಳು. ಪೆಟ್ಟಿಗೆ ಮಟ್ಟವಾಗಿ ಕೂತಿತ್ತು.

"ಈಗ ನಡೀರಿ."

ಆರು ಜನ ಇಳಿಜಾರಿನ ಓಣಿಗೆ ಕಾಲಿಟ್ಟರು. ನವೆಂಬರಿನ ಗಾಳಿ ಕಮರಿಯಿಂದ ನೇರ ಮುಖಕ್ಕೆ ಬೀಸುತ್ತಿತ್ತು. ಅವರ ಹಿಂದೆಯೇ, ಇಡೀ ಕಣಿವೆ ನೋಡುತ್ತಿದ್ದ ಹಾಗೆ, ಅವಸರದಲ್ಲಿ ಬಿಚ್ಚಲು ಮರೆತ ಅಡುಗೆಮನೆಯ ಹೂವಿನ ಏಪ್ರನ್ನಿನಲ್ಲಿ, ತೋಳಿನವರೆಗೆ ಹಿಟ್ಟು ಮೆತ್ತಿಕೊಂಡು, ಫ್ರೀಡಾ ಆಸ್ಕರ್‌ಗಿಲ್ ನಡೆದಳು.